ಬಾವಿ ಎಡಕ್ಕಿತ್ತೇ ಬಲಕ್ಕಿತ್ತೇ? ಹಳೆಯ ಹೈಸ್ಕೂಲಿನ ಫೋಟೋಗಳು ಮತ್ತು ನೆನಪುಗಳು

ಪ್ರಶ್ನೆ

ನಾನು ಓದಿದ್ದು ಕುಂದಾಪುರ ಕಡೆಯ ಒಂದು ಹಿಂದಿನ ಬೋರ್ಡ್ ಹೈಸ್ಕೂಲಿನಲ್ಲಿ, ಅಂದರೆ ಡಿಸ್ಟ್ರಿಕ್ಟ್ ಬೋರ್ಡ್ ನಡೆಸುತ್ತಿದ್ದ ಶಾಲೆಯಲ್ಲಿ. ಹಂಚಿನ ಮಾಡಿನ ಹಳೆಯ ಕಟ್ಟಡ ಕೆಡವಿ ಕೆಲವು ವರ್ಷವಾಯಿತು. ಹಳೆ ವಿದ್ಯಾರ್ಥಿಗಳು ಸೇರಿ ಒಂದು ಪುಸ್ತಕ ತರಬೇಕು, ಒಂದು ದಿನದ ಪ್ರದರ್ಶನ ಮಾಡಬೇಕು ಅಂತ ಹೊರಟಿದ್ದೇವೆ. ಸುಮಾರು 140 ಬಿಡಿ ಫೋಟೋ, ಫ್ರೇಮ್ ಹಾಕಿದ ಮೂರು ಗ್ರೂಪ್ ಫೋಟೋ, ಒಂದು ಸ್ಟಿಕ್ಕರ್ ಆಲ್ಬಂ, ಬಿಸ್ಕತ್ ಡಬ್ಬಿ ತುಂಬ ನೆಗೆಟಿವ್, ಏಳು ಗಾಜಿನ ಪ್ಲೇಟು ಸಿಕ್ಕಿವೆ. ಕೆಲವು ಫೋಟೋಗಳ ಅಂಚಿನಲ್ಲಿ ನೀಲಿ ಹೊಳಪು, ಕೆಲವದರ ಮೇಲೆ ಬಿಳಿ ಬೂಷ್ಟು. ಒಂದು ಗ್ರೂಪ್ ಫೋಟೋ ಗಾಜಿಗೇ ಅಂಟಿಕೊಂಡಿದೆ. ಸ್ಟುಡಿಯೋದವರೊಬ್ಬರು ನೀರಲ್ಲಿ ನೆನೆಸಿ ಬಿಡಿಸಿಕೊಡುತ್ತೇನೆ, ಆಮೇಲೆ ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಸಿಬಿಡಿ ಅನ್ನುತ್ತಾರೆ. ಮಾಡಬಹುದೇ? ಇನ್ನೊಂದು ತೊಡಕು ನೆನಪುಗಳದ್ದು. ಬಾವಿ ಕಟ್ಟಡದ ಎಡಕ್ಕಿತ್ತು ಅಂತ ಕೆಲವರು, ಬಲಕ್ಕಿತ್ತು ಅಂತ ಕೆಲವರು. ಫೋಟೋದಲ್ಲೂ ಎರಡೂ ಇದೆ! ಜಗಲಿಯ ಕಂಬಗಳಿಗೆ ಕೆಂಪು ಕಾವಿ ಬಳಿದಿತ್ತು ಎಂದು ಹಿರಿಯರು ಹೇಳುತ್ತಾರೆ, ಫೋಟೋದಲ್ಲಿ ಅವು ಡಾಂಬರು ಬಳಿದಷ್ಟು ಕಪ್ಪು. ಕೆಡವುವಾಗ ಎತ್ತಿಟ್ಟುಕೊಂಡ ಹಂಚಿನ ಮೇಲೆ 1865 ಅಂತಿದೆ. ಹಾಗಾದರೆ ಕಟ್ಟಡ ಅಷ್ಟು ಹಳೆಯದೇ?

ಉತ್ತರ

ನಿಮ್ಮನ್ನು ಕಾಡುತ್ತಿರುವುದು ಎರಡು ವಿಷಯ. ಸಿಕ್ಕಿದ ಫೋಟೋಗಳು ಕಣ್ಣೆದುರೇ ಹಾಳಾಗುತ್ತಿವೆ. ಕಟ್ಟಡವಂತೂ ಹೋಯಿತು, ಅದು ಹೇಗಿತ್ತು ಎಂಬುದರಲ್ಲೂ ಒಮ್ಮತವಿಲ್ಲ. ಎರಡನ್ನೂ ಸರಿಪಡಿಸಬಹುದು. ಆದರೆ ಫೋಟೋವನ್ನು ಚಂದ ಮಾಡುವ ಆತುರದಲ್ಲಿ, ಕಟ್ಟಡದ ಬಗ್ಗೆ ಆ ಫೋಟೋ ಹೇಳಬಹುದಾಗಿದ್ದನ್ನೇ ಅಳಿಸಿಹಾಕುವ ಅಪಾಯ ಇಲ್ಲಿದೆ. ಸದ್ಯಕ್ಕೆ ತೊಳೆಯುವುದು, ಒರೆಸುವುದು, ಬಿಡಿಸುವುದು, ಅಂಟಿಸುವುದು ಯಾವುದೂ ಬೇಡ. ಸ್ಟುಡಿಯೋಗೆ ಕೊಟ್ಟಿದ್ದರೆ ವಾಪಸು ತನ್ನಿ.

ಮೊದಲು ಲ್ಯಾಮಿನೇಶನ್ ವಿಷಯ. ಲ್ಯಾಮಿನೇಶನ್ ಯಂತ್ರ ಪ್ಲಾಸ್ಟಿಕ್ಕನ್ನು 100 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಕರಗಿಸಿ ಅಂಟಿಸುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೋದ ಚಿತ್ರ ನಿಂತಿರುವುದು ಜೆಲಟಿನ್ ಪದರದೊಳಗೆ ಹರಡಿದ ಬೆಳ್ಳಿಯ ಕಣಗಳಿಂದ. ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಅಂಟೇ ಜೆಲಟಿನ್. ಅದಕ್ಕೆ ಬಿಸಿಯೂ ಆಗದು, ತೇವವೂ ಆಗದು. ಒಳಗೆ ಬೂಷ್ಟಿನ ಬೀಜಾಣು, ತೇವ ಎರಡನ್ನೂ ಇಟ್ಟು ಮುದ್ರೆ ಒತ್ತಿದ ಹಾಗಾಗುತ್ತದೆ. ಮುಂದೆ ಬಿಡಿಸಲು ಹೋದರೆ ಚಿತ್ರ ಪ್ಲಾಸ್ಟಿಕ್ಕಿನ ಜೊತೆಗೇ ಕಿತ್ತು ಬರುತ್ತದೆ. ಹಿಂಬದಿಯ ಬರಹದ ಮೇಲೆ ಇನ್ನು ಪೆನ್ಸಿಲ್ಲೂ ಓಡದು. ಪ್ರದರ್ಶನಕ್ಕೆ ಹೊಸದಾಗಿ ಪ್ರಿಂಟ್ ಹಾಕಿಸಿದ ಪ್ರತಿಯನ್ನು ಧಾರಾಳವಾಗಿ ಲ್ಯಾಮಿನೇಶನ್ ಮಾಡಿಸಿ. ಮೂಲಕ್ಕೆ ಮಾತ್ರ ಬೇಡ.

ನೀಲಿ ಹೊಳಪು ಮತ್ತು ಬಿಳಿ ಬೂಷ್ಟು ಬೇರೆ ಬೇರೆ ಕಾಯಿಲೆಗಳು. ಫೋಟೋವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಭಾಗಗಳಲ್ಲಿ, ಅದರಲ್ಲೂ ಅಂಚಿನ ಸುತ್ತ, ಕನ್ನಡಿಯಂಥ ಹೊಳಪು ಕಂಡರೆ ಅದು ಬೆಳ್ಳಿಯೇ. ತೇವ ಮತ್ತು ಗಾಳಿಯ ಮಾಲಿನ್ಯದಿಂದ ಒಳಗಿನ ಬೆಳ್ಳಿ ಸವೆದು, ಅಯಾನು ರೂಪದಲ್ಲಿ ಮೇಲ್ಮೈಗೆ ಸರಿದು, ಅಲ್ಲಿ ಮತ್ತೆ ಲೋಹವಾಗಿ ಕೂತಿದೆ. ಒರೆಸಿದರೆ ಹೋಗುವುದು ಚಿತ್ರದ ಬೆಳ್ಳಿ. ಹಾಗೇ ಬಿಡಿ, ಒಣ ಜಾಗದಲ್ಲಿಟ್ಟರೆ ಅದು ಹಬ್ಬುವುದು ನಿಧಾನವಾಗುತ್ತದೆ.

ಬೂಷ್ಟು ಹತ್ತಿಯಂತೆ ಅಥವಾ ಜೇಡನ ಬಲೆಯ ಎಳೆಯಂತೆ ಕಾಣುತ್ತದೆ. ಗಾಳಿಯ ತೇವಾಂಶ ಶೇ. 65-70 ದಾಟಿ ಕೆಲವು ದಿನ ನಿಂತರೆ ಅದು ಚಿಗುರುತ್ತದೆ, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದಕ್ಕಿಂತ ಕಡಿಮೆ ಇಳಿಯುವುದೇ ಅಪರೂಪ. ಜೆಲಟಿನ್ ಬೂಷ್ಟಿಗೆ ಊಟ. ಅದು ತಿಂದ ಜಾಗದ ಜೆಲಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಖ, ಕಂಬ, ಕಿಟಕಿ ಎಲ್ಲ ಕೆಸರಾಗಿ ಕೈಗೆ ಬರುವುದು ಅದರಿಂದಲೇ. ಸರಿಯಾದ ಕ್ರಮ ಹೀಗೆ: ಮಳೆಗಾಲ ಮುಗಿಯಲಿ. ಡಿಸೆಂಬರ್-ಫೆಬ್ರವರಿ ನಡುವಿನ ಒಣ ದಿನ ನೋಡಿ, ಬಿಸಿಲು ಬೀಳದ ಆದರೆ ಗಾಳಿಯಾಡುವ ಕೋಣೆಯಲ್ಲಿ, ಬಿಳಿ ಕಾಗದದ ಮೇಲೆ ಫೋಟೋಗಳನ್ನು ಎರಡು ಮೂರು ದಿನ ಹರಡಿಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಜಗಲಿಗೆ ತಂದು, ಮೂಗಿಗೆ ಎನ್-95 ಮಾಸ್ಕ್ ಕಟ್ಟಿಕೊಂಡು, ಜಲವರ್ಣಕ್ಕೆ ಬಳಸುವ ಮೆತ್ತನೆಯ ಅಗಲ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಹಗುರಾಗಿ ಗುಡಿಸಿ. ಕಲೆ ಉಳಿದರೆ ಉಳಿಯಲಿ. ಪದರ ಏಳುತ್ತಿರುವ ಫೋಟೋಗೆ ಬ್ರಷ್ ಕೂಡ ಬೇಡ.

ಗಾಜಿಗೆ ಅಂಟಿದ ಫೋಟೋ

ಫ್ರೇಮ್ ಹಾಕುವಾಗ ಗಾಜಿಗೂ ಫೋಟೋಗೂ ನಡುವೆ ಜಾಗ ಬಿಟ್ಟಿರುವುದಿಲ್ಲ. ಮಳೆಗಾಲದಲ್ಲಿ ಜೆಲಟಿನ್ ಮೆತ್ತಗಾಗಿ ಗಾಜನ್ನು ಕಚ್ಚುತ್ತದೆ, ಬೇಸಿಗೆಯಲ್ಲಿ ಅಲ್ಲೇ ಗಟ್ಟಿಯಾಗುತ್ತದೆ. ಹತ್ತಾರು ಮಳೆಗಾಲ ಕಳೆದರೆ ಗಾಜು, ಚಿತ್ರ ಒಂದೇ ವಸ್ತು ಎಂದೇ ತಿಳಿಯಬೇಕು.

ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಬಿಡಿಸದೆ ಗಾಜಿನ ಮೂಲಕವೇ ಪ್ರತಿ ತೆಗೆಯುವುದು. ಅಪಾಯ ಏನೂ ಇಲ್ಲ. ಅಂಟಿದ ಜಾಗ ತುಸು ಗಾಢವಾಗಿ, ಅಂಟದ ಜಾಗ ಮಸುಕಾಗಿ ಬರುತ್ತದೆ, ಅದನ್ನು ಪ್ರತಿಯಲ್ಲಿ ಸರಿದೂಗಿಸಬಹುದು. ಎರಡು, ಕಾಗದ ಮತ್ತು ಫೋಟೋ ಸಂರಕ್ಷಣೆ ಬಲ್ಲವರಿಗೆ ತೋರಿಸುವುದು. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಖರ್ಚು, ಸಮಯ ಎರಡೂ ಹಿಡಿಯುತ್ತದೆ, ಯಶಸ್ಸಿನ ಭರವಸೆಯನ್ನು ಅವರೂ ಮೊದಲೇ ಕೊಡಲಾರರು. ಮೂರು, ಸ್ಟುಡಿಯೋದವರು ಹೇಳಿದಂತೆ ನೀರಲ್ಲಿ ನೆನೆಸುವುದು. ಬೂಷ್ಟು ತಾಗದ, ಕೈಬಣ್ಣ ಹಚ್ಚದ ಫೋಟೋ ನೀರಲ್ಲಿ ಬಿಟ್ಟುಕೊಳ್ಳುವುದೂ ಉಂಟು. ಅದಕ್ಕೇ ಸ್ಟುಡಿಯೋದವರಿಗೆ ಆ ಧೈರ್ಯ. ಆದರೆ ನಿಮ್ಮ ರಾಶಿಯಲ್ಲಿ ಬೂಷ್ಟು ಇದೆ. ನೆನೆಸಿದ ಮೇಲೆ ತಪ್ಪಿತು ಅಂತ ಗೊತ್ತಾದರೆ ಹಿಂದೆ ಬರಲು ದಾರಿಯಿಲ್ಲ. ಜೊತೆಗೆ ಮೌಂಟ್ ರಟ್ಟಿನ ಮೇಲಿನ ಶಾಯಿ ಬರಹವೂ ಹರಡಿಹೋಗುತ್ತದೆ. ಒಂದನೆಯದನ್ನು ಈಗ ಮಾಡಿ, ಎರಡನೆಯದರ ಬಗ್ಗೆ ನಿಧಾನವಾಗಿ ಯೋಚಿಸಿ, ಮೂರನೆಯದನ್ನು ಕೈಬಿಡಿ.

ಉಳಿದ ಎರಡು ಫ್ರೇಮುಗಳನ್ನು ಬಿಚ್ಚಿಸುವಾಗ ಎದುರಿಗೇ ಕೂತಿರಿ. ಫ್ರೇಮ್ ಅಂಗಡಿಗಳಲ್ಲಿ ಹಳೇ ರಟ್ಟು ಎಸೆದು, ಹೊಸ ಫ್ರೇಮಿನ ಅಳತೆಗೆ ಅಂಚು ಕತ್ತರಿಸುವುದು ಮಾಮೂಲು. ಆ ರಟ್ಟಿನ ಮೇಲೆಯೇ ‘ಕುಳಿತವರು ಎಡದಿಂದ ಬಲಕ್ಕೆ’ ಎಂದು ಹೆಸರುಗಳಿರುತ್ತವೆ. ಕೆಲವೊಮ್ಮೆ ಗೈರುಹಾಜರಾದವರ ಹೆಸರೂ ಇರುತ್ತದೆ, ಆ ಹೆಸರು ಬೇರೆಲ್ಲೂ ಸಿಗದು. ಮತ್ತೆ ಫ್ರೇಮ್ ಹಾಕುವುದಾದರೆ ಗಾಜಿಗೂ ಫೋಟೋಗೂ ನಡುವೆ ನಡುಭಾಗ ಕಿಟಕಿಯಂತೆ ಕತ್ತರಿಸಿದ 2-3 ಮಿಲಿಮೀಟರ್ ದಪ್ಪದ ರಟ್ಟು ಇರಲಿ. ಹಿಂದೆ ಪ್ಲೈವುಡ್ ಬೇಡ, ಅದರಿಂದ ಹೊರಡುವ ಆಮ್ಲ ಕಾಗದವನ್ನು ಕಂದು ಮಾಡುತ್ತದೆ.

ಸ್ಟಿಕ್ಕರ್ ಆಲ್ಬಮ್ಮಿನಿಂದ ಫೋಟೋಗಳನ್ನು ಎಳೆದು ಕೀಳಬೇಡಿ. ಹಲ್ಲಿನ ಸಂದಿ ಶುಚಿ ಮಾಡುವ ನೂಲನ್ನು ಫೋಟೋ ಮತ್ತು ಪುಟದ ನಡುವೆ ಹಾಕಿ ಗರಗಸದಂತೆ ಮೆಲ್ಲಗೆ ಎಳೆದರೆ ಬಹುಪಾಲು ಬಿಟ್ಟುಕೊಳ್ಳುತ್ತವೆ. ಹಟ ಹಿಡಿದವನ್ನು ಪುಟದ ಸಮೇತ ಕತ್ತರಿಸಿ ಇಟ್ಟುಬಿಡಿ. ಕೀಳುವ ಮೊದಲು ಪ್ರತಿ ಪುಟದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಮುಂದೆ ಬೇಕಾಗುತ್ತದೆ.

ನೆಗೆಟಿವ್ ಡಬ್ಬಿಯನ್ನು ತೆರೆದ ಜಾಗದಲ್ಲಿ ಬಿಚ್ಚಿ, ಮೂಗು ಹತ್ತಿರ ಒಯ್ಯದೆ ವಾಸನೆ ಗಮನಿಸಿ. ವಿನೆಗರ್ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮು ಕೊಳೆಯುತ್ತಿರುವ ಲಕ್ಷಣ. ಈ ಹುಳಿ ಪಕ್ಕದ ಫಿಲ್ಮಿಗೂ ಹಬ್ಬುತ್ತದೆ, ಅಂಥವನ್ನು ಬೇರೆ ಇಟ್ಟು ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ. 1950ಕ್ಕಿಂತ ಹಿಂದಿನ ಫಿಲ್ಮು ಬೆಲ್ಲದ ಪಾಕದಂತೆ ಕಂದಾಗಿ ಅಂಟಂಟಾಗಿದ್ದರೆ, ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿಲ್ಲದಿದ್ದರೆ, ಅದು ನೈಟ್ರೇಟ್ ಎಂಬ, ಬೇಗ ಬೆಂಕಿ ಹಿಡಿಯುವ ಹಳೆಯ ಬಗೆಯ ಫಿಲ್ಮು ಇರಬಹುದು. ನೈಟ್ರೇಟ್ ಹೊತ್ತಿಕೊಂಡರೆ ನೀರು ಹಾಕಿದರೂ ಆರದು. ಬೆಂಕಿ ತಾಗಿಸಿ ಪರೀಕ್ಷೆ ಮಾಡುವ ಕೆಲಸಕ್ಕೆ ಯಾರೂ ಇಳಿಯಬೇಡಿ. ಕಾಗದದ ಲಕೋಟೆಯಲ್ಲಿ ಹಾಕಿ, ಮನೆಯ ಹೊರಗೆ, ಬಿಸಿಲು ತಾಗದ, ಗಾಳಿಯಾಡುವ ಜಾಗದಲ್ಲಿಟ್ಟು ಬಲ್ಲವರನ್ನು ಕೇಳಿ. ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸಬಾರದು. ಒಂದೊಂದಕ್ಕೂ ಕಾಗದದ ಮಡಿಕೆ ಹಾಕಿ, ಉದ್ದದ ಬದಿ ಕೆಳಗಾಗಿ ನಿಲ್ಲಿಸಿ.

ಬಾವಿ ಯಾವ ಬದಿಗಿತ್ತು

ನಿಮ್ಮ ಗಾಜಿನ ಪ್ಲೇಟು, ನೆಗೆಟಿವ್‌ಗಳೇ ಈ ಜಗಳ ಬಿಡಿಸುತ್ತವೆ. ನೆಗೆಟಿವ್‌ಗೆ ಎರಡು ಮೈ: ಚಿತ್ರದ ಪದರವಿರುವ ಮಬ್ಬು ಮೈ, ಇನ್ನೊಂದು ಹೊಳೆಯುವ ಮೈ. ಪ್ರಿಂಟ್ ಹಾಕುವಾಗ ಮಬ್ಬು ಮೈ ಕಾಗದದ ಕಡೆಗಿರಬೇಕು. ತಿರುಗಿಸಿ ಇಟ್ಟರೆ ಎಡ ಬಲಕ್ಕೆ ಹೋಗುತ್ತದೆ, ಚಿತ್ರ ಮಾತ್ರ ಎಲ್ಲ ಸರಿಯಿದ್ದಂತೇ ಕಾಣುತ್ತದೆ. ಮರುಪ್ರಿಂಟ್‌ಗಳಲ್ಲಿ, ಸ್ಮರಣ ಸಂಚಿಕೆಗಳ ಬ್ಲಾಕುಗಳಲ್ಲಿ ಈ ತಪ್ಪು ಬಹಳ ನುಸುಳಿದೆ. ಒಮ್ಮೆ ಅಚ್ಚಾದರೆ ಆ ಚಿತ್ರವನ್ನೇ ನೋಡಿ ನೋಡಿ, ಬಾವಿ ಅತ್ತ ಕಡೆಗೇ ಇತ್ತು ಎಂದು ಪ್ರಾಮಾಣಿಕವಾಗಿ ನೆನಪಿಟ್ಟುಕೊಳ್ಳುವವರೂ ಇರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ಎರಡೂ ಫೋಟೋಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬೋರ್ಡಿನ ಅಕ್ಷರ ಓದಲು ಬಂದರೆ ಕೆಲಸ ಮುಗಿಯಿತು. ಬಾರದಿದ್ದರೆ ಮಾಸ್ತರರ ಅಂಗಿ ನೋಡಿ: ಜೇಬು ತೊಟ್ಟವರ ಎಡ ಎದೆಯ ಮೇಲಿರುತ್ತದೆ, ಅಂದರೆ ನಮ್ಮತ್ತ ಮುಖ ಮಾಡಿ ನಿಂತಾಗ ನಮ್ಮ ಬಲಕ್ಕೆ ಕಾಣಬೇಕು. ಸೀರೆಯ ಸೆರಗು ಎಡ ಹೆಗಲಿನ ಮೇಲಿರುತ್ತದೆ, ಅದೂ ನಮ್ಮ ಬಲಕ್ಕೆ. ಗಂಡಸರ ಅಂಗಿಯಲ್ಲಿ ಎಡ ಮಗ್ಗುಲಿನ ಪಟ್ಟಿ ಮೇಲೆ ಬರುತ್ತದೆ. ಒಬ್ಬರಲ್ಲಿ ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ಜನರಲ್ಲಿ ನೋಡಿ; ಬೈತಲೆಯನ್ನು ಮಾತ್ರ ನಂಬಬೇಡಿ. ಜನರೇ ಇಲ್ಲದ ಚಿತ್ರವಾದರೆ ನೆಗೆಟಿವ್ ಹುಡುಕಿ, ಹೊಳೆಯುವ ಮೈ ನಿಮ್ಮ ಕಡೆಗಿಟ್ಟು ಬೆಳಕಿಗೆ ಹಿಡಿಯಿರಿ. ಆಗ ಕಾಣುವ ಎಡಬಲವೇ ನಿಜವಾದದ್ದು.

ಎರಡೂ ನೇರ ಪ್ರಿಂಟೇ ಎಂದಾದರೆ ಒಂದು ಮುಂದಿನಿಂದ, ಇನ್ನೊಂದು ಹಿಂದಿನಿಂದ ತೆಗೆದದ್ದಿರಬಹುದು. ಇದಕ್ಕೆ ನೆರಳು ಸಹಾಯ ಮಾಡುತ್ತದೆ. ಕುಂದಾಪುರದ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ತಲೆಯಿಂದ ತುಸು ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಬೀಳ್ಕೊಡುಗೆಯ ಗ್ರೂಪ್ ಫೋಟೋಗಳು ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನವು, ಆಗ ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ. ಗಿಡ್ಡ ನೆರಳಿರುವ ಅಂಥ ಒಂದು ಚಿತ್ರ ಸಿಕ್ಕರೆ ಕಟ್ಟಡದ ಮೋರೆ ಯಾವ ದಿಕ್ಕಿಗಿತ್ತು ಎಂದು ಹೇಳಬಹುದು.

ಕಪ್ಪು ಕಂಬ, ಕೆಂಪು ಕಾವಿ

ಇಲ್ಲಿ ಹಿರಿಯರೂ ಸರಿ, ಫೋಟೋವೂ ಸರಿ. ಹಳೆಯ ಗಾಜಿನ ಪ್ಲೇಟುಗಳಿಗೂ, 1940ರ ದಶಕದವರೆಗೆ ಬಳಕೆಯಲ್ಲಿದ್ದ ಹಲವು ಫಿಲ್ಮುಗಳಿಗೂ ಕೆಂಪು ಬೆಳಕು ಕಾಣುತ್ತಿರಲಿಲ್ಲ. ನೀಲಿಗೆ ಮಾತ್ರ ಅವು ಬಲು ಚುರುಕು. ಹಾಗಾಗಿ ಕಾವಿ ಬಳಿದ ಕಂಬ, ಮುರಕಲ್ಲಿನ ಗೋಡೆ, ಹಂಚಿನ ಮಾಡು ಎಲ್ಲವೂ ಕಪ್ಪಾಗಿ, ನೀಲಿ ಆಕಾಶ ಕಾಗದದಷ್ಟು ಬೆಳ್ಳಗೆ ಬರುತ್ತದೆ. ನಿಮ್ಮ ಫೋಟೋದಲ್ಲಿ ಹಂಚೂ ಕಂಬದಷ್ಟೇ ಕಪ್ಪೇ ನೋಡಿ. ಹಂಚಿನ ಬಣ್ಣ ನಮಗೆ ಗೊತ್ತು, ಅದೇ ಅಳತೆಗೋಲು. ಎರಡೂ ಒಂದೇ ಗಾಢತೆಯಲ್ಲಿದ್ದರೆ ಕಂಬವೂ ಕೆಂಪಿನ ಬಳಗಕ್ಕೆ ಸೇರಿದ್ದು ಎನ್ನಲು ಅಡ್ಡಿಯಿಲ್ಲ. ಆಮೇಲಿನ ಕಾಲದ, ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮಿನಲ್ಲಿ ಅದೇ ಕಂಬ ನಡುಬೂದು ಬಣ್ಣದಲ್ಲಿ ಕಂಡೀತು. ಅದನ್ನು ನೋಡಿ ‘ಆಮೇಲೆ ಬಣ್ಣ ಬದಲಿಸಿದರು’ ಎಂದು ಬರೆದುಬಿಡಬೇಡಿ.

ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಿದ್ದರೆ ಕಟ್ಟಡದ ಪಂಚಾಂಗವೋ ಪಾಗಾರವೋ ಉಳಿದಿದೆಯೇ ನೋಡಿ. ಉಗುರಿನಷ್ಟು ಗಾರೆಯ ಚೂರು ಸಾಕು. ಅದರ ಅಂಚನ್ನು ನಯವಾದ ಮರಳು ಕಾಗದದಲ್ಲಿ ಓರೆಯಾಗಿ ಉಜ್ಜಿ ಭೂತಗನ್ನಡಿಯಲ್ಲಿ ನೋಡಿದರೆ ಸುಣ್ಣ, ಕಾವಿ, ನೀಲಿ, ಡಿಸ್ಟೆಂಪರು ಒಂದರ ಮೇಲೊಂದು ಗೆರೆಯಾಗಿ ಕಾಣುತ್ತವೆ. ಗಾರೆಗೆ ತಾಗಿದ್ದು ಮೊದಲ ಬಣ್ಣ.

ಕಪ್ಪು-ಬಿಳುಪಿಗೆ ಬಣ್ಣ ತುಂಬುವ, ಮಸುಕು ಮುಖ ತಿದ್ದುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಪುಸ್ತಕಕ್ಕೆ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಫೋಟೋದಲ್ಲಿ ಇಲ್ಲದ ಬಣ್ಣವನ್ನು ಅವು ಊಹಿಸಿ ತುಂಬುತ್ತವೆ. ಮಸುಕಾದ ಮುಖಕ್ಕೆ ಯಾರದೋ ಕಣ್ಣು, ಯಾರದೋ ಹಲ್ಲು ಕೂರಿಸುತ್ತವೆ. ಅರವತ್ತು ವರ್ಷದ ಹಿಂದೆ ತೀರಿಹೋದ ಮಾಸ್ತರರ ಮುಖ ಮನೆಯವರಲ್ಲಿ ಇದೊಂದೇ ಚಿತ್ರದಲ್ಲಿ ಉಳಿದಿರಬಹುದು. ಅದನ್ನು ಬೇರೆಯವರ ಮುಖ ಮಾಡಿ ಅವರ ಕೈಗೆ ಕೊಡುವುದು ಸರಿಯಲ್ಲ.

ಹಂಚಿನ ಮೇಲಿನ 1865

ಇದು ಕರಾವಳಿಯುದ್ದಕ್ಕೂ, ಕೇರಳದಲ್ಲೂ ಜನ ಬೀಳುವ ಹಳ್ಳ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಸ್ಥಾಪನೆಯ ವರ್ಷವನ್ನೇ ಮುಂದೆ ದಶಕಗಟ್ಟಲೆ ಅಚ್ಚಿನಲ್ಲಿ ಉಳಿಸಿಕೊಂಡರು. ಬೇರೆ ಕಾರ್ಖಾನೆಗಳೂ ತಮ್ಮ ಸ್ಥಾಪನಾ ವರ್ಷವನ್ನು ಹಾಗೇ ಒತ್ತಿದವು. ಆದ್ದರಿಂದ 1865 ಎಂಬುದು ಆ ಹಂಚು ಅದಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ ಹೇಳುತ್ತದೆ. ಮಾಡಿನ ಹಂಚನ್ನು ಆಗಾಗ ಬದಲಾಯಿಸುತ್ತಾರೆ, ಕೆಡವಿದ ಒಂದು ಕಟ್ಟಡದ ಹಂಚು ಇನ್ನೊಂದರ ಮಾಡು ಸೇರುತ್ತದೆ. ಪುಸ್ತಕದಲ್ಲಿ ಅದನ್ನು ಕಟ್ಟಡದ ವಯಸ್ಸೆಂದು ಹಾಕಬೇಡಿ.

ಆದರೆ ಆ ಹಂಚು ಬೇರೊಂದಕ್ಕೆ ಬಹಳ ಉಪಯೋಗ. ಮಂಗಳೂರು ಹಂಚು ಸುಮಾರು 41 ಸೆಂಟಿಮೀಟರ್ ಉದ್ದ, 23.5 ಅಗಲ. ಒಂದರ ಮೇಲೊಂದು ಕೂತಾಗ ಮಾಡಿನ ಮೇಲೆ ಕಾಣುವುದು ಅಡ್ಡಕ್ಕೆ ಸುಮಾರು 20-21, ಇಳಿಜಾರಿನಲ್ಲಿ 31-32 ಸೆಂಟಿಮೀಟರ್. ನಿಮ್ಮಲ್ಲಿ ಅಂಥ ನಾಲ್ಕು ಹಂಚಿದ್ದರೆ ನೆಲದಲ್ಲಿ ಜೋಡಿಸಿ ಅಳೆದು ಈ ಅಂಕಿಯನ್ನು ಖಚಿತ ಮಾಡಿಕೊಳ್ಳಿ. ಆಮೇಲೆ ಎದುರಿನಿಂದ ತೆಗೆದ ಸ್ಪಷ್ಟ ಫೋಟೋದ ದೊಡ್ಡ ಪ್ರಿಂಟ್‌ನಲ್ಲಿ ಸೂರಿನ ಸಾಲಿನ ಹಂಚುಗಳನ್ನು ಎಣಿಸಿ. 150 ಹಂಚು ಬಂದರೆ ಸೂರಿನ ಉದ್ದ 31 ಮೀಟರಿನ ಆಸುಪಾಸು, ಅಂದರೆ ಸುಮಾರು ನೂರು ಅಡಿ. ಸಾಲುಗಳನ್ನು ಎಣಿಸಿದರೆ ಮಾಡಿನ ಇಳಿಜಾರಿನ ಉದ್ದ ಸಿಗುತ್ತದೆ. ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ಹಂಚು ಎಂದು ಎಣಿಸಿದರೆ ಕಂಬಗಳ ಅಂತರವೂ ಬಂತು. ಓರೆಯಾಗಿ ತೆಗೆದ ಚಿತ್ರದಲ್ಲಿ ಸ್ಕೇಲ್ ಹಿಡಿದರೆ ಅಳತೆ ತಪ್ಪುತ್ತದೆ, ಹಂಚಿನ ಎಣಿಕೆ ತಪ್ಪದು. ಅಳತೆಯ ನಕ್ಷೆಯೇ ಸಿಗದ ಕಟ್ಟಡಕ್ಕೆ ಹೀಗೆ ಒಂದು ಅಂದಾಜು ನಕ್ಷೆ ಬರೆಯಬಹುದು.

ಫೋಟೋ ಯಾವ ಕಾಲದ್ದು

ಕಂದು ಬಣ್ಣ ಕಂಡರೆ ನೂರು ವರ್ಷ ಹಳೆಯದು ಎನ್ನುವುದು ಇನ್ನೊಂದು ತಪ್ಪು ನಂಬಿಕೆ. ಸ್ಟುಡಿಯೋಗಳು ಬೇಕೆಂದೇ ರಾಸಾಯನಿಕದಲ್ಲಿ ಅದ್ದಿ ಕಂದು ಛಾಯೆ ಕೊಡುತ್ತಿದ್ದವು. ಹಾಗೆ ಬೆಳ್ಳಿ ಸಲ್ಫೈಡಾದ ಫೋಟೋ ಬರೀ ಕಪ್ಪು-ಬಿಳುಪಿಗಿಂತ ಹೆಚ್ಚು ಬಾಳುತ್ತದೆ. ಇನ್ನು ಕೆಲವು ಹಳದಿಗೆ ತಿರುಗಿರುವುದು ಹೈಪೋ, ಅಂದರೆ ಚಿತ್ರವನ್ನು ನಿಲ್ಲಿಸುವ ರಾಸಾಯನಿಕ, ಸರಿಯಾಗಿ ತೊಳೆಯದ ಅವಸರದಿಂದ. 1960ರ ದಶಕದ ಫೋಟೋ 1930ರದಕ್ಕಿಂತ ಹಳೆಯದಾಗಿ ಕಾಣುವುದು ಆ ಕಾರಣಕ್ಕೆ.

ಬಣ್ಣ ಬಿಟ್ಟು ಹಿಂಬದಿ ನೋಡಿ. ಸ್ಟುಡಿಯೋದ ಮೊಹರಿನಲ್ಲಿ 576ರಿಂದ ಶುರುವಾಗುವ ಪಿನ್‌ಕೋಡ್ ಇದ್ದರೆ ಫೋಟೋ, ಕನಿಷ್ಠ ಪಕ್ಷ ಆ ಪ್ರಿಂಟು, 1972ರ ಆಗಸ್ಟ್ 15ರ ನಂತರದ್ದು. ಪಿನ್‌ಕೋಡ್ ಬಂದದ್ದೇ ಅಂದು. ವಿಳಾಸದಲ್ಲಿ ‘ಉಡುಪಿ ಜಿಲ್ಲೆ’ ಎಂದಿದ್ದರೆ 1997ರ ಆಗಸ್ಟ್ ನಂತರ. ‘ಇಂದು’ ಎಂಬ ಹೆಸರಿನ ಕಾಗದವಾದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದು. ಕಂಪನಿ ಸ್ಥಾಪನೆಯಾದದ್ದು 1960ರಲ್ಲಿ. ಕಾಗದ ಪ್ಲಾಸ್ಟಿಕ್ಕಿನಂತೆ ನುಣುಪಾಗಿ, ಸುರುಳಿ ಸುತ್ತದೆ ಚಪ್ಪಟೆಯಾಗಿ ನಿಂತಿದ್ದರೆ 1970ರ ದಶಕದಿಂದೀಚಿನದು. ಚಚ್ಚೌಕದ 6 ಸೆಂಟಿಮೀಟರ್ ಪುಟಾಣಿ ಪ್ರಿಂಟುಗಳು 120 ಎಂಬ ಅಳತೆಯ ಫಿಲ್ಮ್ ರೋಲಿನ ನೆಗೆಟಿವನ್ನು ಕಾಗದಕ್ಕೆ ನೇರ ಒತ್ತಿ ತೆಗೆದವು. ಆಗ್ಫಾ ಕ್ಲಿಕ್-3 ಥರದ ಕ್ಯಾಮೆರಾಗಳು ಒಂದು ರೋಲಿಗೆ ಅಂಥ 12 ಚಿತ್ರ ಕೊಡುತ್ತಿದ್ದವು. ಕಾಗದದ ಕಾಲ ಮತ್ತು ಚಿತ್ರದ ಕಾಲ ಬೇರೆ ಬೇರೆ ಇರಬಹುದು ಎಂಬುದು ಮಾತ್ರ ನೆನಪಿರಲಿ, 1948ರ ನೆಗೆಟಿವನ್ನು 1985ರಲ್ಲೂ ಪ್ರಿಂಟ್ ಹಾಕಿಸಿರಬಹುದು.

ಚಿತ್ರದೊಳಗೆ ಹುಡುಕಬೇಕಾದದ್ದು ಸ್ಲೇಟು. ಗ್ರೂಪ್ ಫೋಟೋದ ಮುಂದಿನ ಸಾಲಿನ ಹುಡುಗನ ಕಾಲಬುಡದಲ್ಲಿ ‘ಸಿಕ್ಸ್ತ್ ಫಾರಂ’ ಎಂದಿದ್ದರೆ ಅದು ಹೈಸ್ಕೂಲಿನ ತರಗತಿಗಳನ್ನು ಫಾರಂ ಎಂದು ಕರೆಯುತ್ತಿದ್ದ ಮದ್ರಾಸಿನ ಪದ್ಧತಿ. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಫಾರಂ ಲೆಕ್ಕ ಅದರ ಬೆನ್ನಿಗೆ ನಿಧಾನವಾಗಿ ಮರೆಯಾಯಿತು. ಹಾಗೆಯೇ ಬೋರ್ಡಿನಲ್ಲಿ ‘ಮೈಸೂರು ಸರ್ಕಾರ’ ಎಂದಿದ್ದರೆ 1956ರಿಂದ 1973ರ ನಡುವೆ ಬರೆಸಿದ್ದು, ‘ಕರ್ನಾಟಕ ಸರ್ಕಾರ’ ಎಂದಿದ್ದರೆ 1973ರ ನವೆಂಬರ್ 1ರ ನಂತರದ್ದು. ಅಂಗಳದಲ್ಲಿ ನಿಂತ ಸ್ಕೂಟರಿನ ನಂಬರ್ ‘ಕೆಎ’ ಎಂದು ಶುರುವಾದರೆ 1989ಕ್ಕೆ ಈಚಿನದು.

ಕಟ್ಟಡ ಕಟ್ಟಿದ ವರ್ಷಕ್ಕೆ ಶಾಲೆಯ ದಾಖಲಾತಿ ರಿಜಿಸ್ಟರು, ಶಿಲಾನ್ಯಾಸದ ಕಲ್ಲು, ಹಳೆಯ ಸ್ಮರಣ ಸಂಚಿಕೆ ನೋಡಿದ್ದೀರಿ ಎಂದುಕೊಳ್ಳುತ್ತೇನೆ. ಅಲ್ಲಿ ಸಿಗದಿದ್ದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ ನೋಡಬೇಕು. ಡಿಸ್ಟ್ರಿಕ್ಟ್ ಬೋರ್ಡಿನ ಕಾಲದಲ್ಲಿ ಮಂಜೂರಾತಿ ಆದೇಶಗಳು ಹೊರಡುತ್ತಿದ್ದುದು ಮದ್ರಾಸಿನಿಂದ. ಬೆಂಗಳೂರಿನಲ್ಲಿ ಮಾತ್ರ ಹುಡುಕಿ ‘ಏನೂ ಇಲ್ಲ’ ಎಂದು ಕೈಚೆಲ್ಲಿದವರು ಬಹಳ.

ಪ್ರತಿ ತೆಗೆಯುವುದು

ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ಪೋಸ್ಟ್‌ಕಾರ್ಡ್ ಅಳತೆಯ ಮತ್ತು ಅದಕ್ಕಿಂತ ದೊಡ್ಡ ಪ್ರಿಂಟುಗಳಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ಅದಕ್ಕಿಂತ ಹೆಚ್ಚಿಸಿದರೆ ಸಾಮಾನ್ಯವಾಗಿ ಸಿಗುವುದು ಕಾಗದದ ನಾರು ಮಾತ್ರ. ಪುಟಾಣಿ 6 ಸೆಂಟಿಮೀಟರ್ ಪ್ರಿಂಟುಗಳಿಗೆ 1200, ಏಕೆಂದರೆ ನೇರ ಒತ್ತಿದವುಗಳಲ್ಲಿ ವಿವರ ದಟ್ಟವಾಗಿರುತ್ತದೆ. 120 ನೆಗೆಟಿವ್‌ಗೆ 2400, ಸಣ್ಣ 35 ಮಿಲಿಮೀಟರಿನದಕ್ಕೆ 3000-4000. ಕಪ್ಪು-ಬಿಳುಪಾದರೂ ಪ್ರಿಂಟುಗಳನ್ನು ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಕಲೆ ಯಾವುದು, ಚಿತ್ರ ಯಾವುದು ಎಂದು ಬೇರ್ಪಡಿಸಲು ಬಣ್ಣ ಬೇಕು. ದೂಳು ತೆಗೆಯುವ, ಹೊಳಪು ಹೆಚ್ಚಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿಯ ಕಣಗಳನ್ನೇ ದೂಳೆಂದು ತಿಳಿದು ಇನ್‌ಫ್ರಾರೆಡ್ ದೂಳು ನಿವಾರಕ ಅಳಿಸಿಬಿಡುತ್ತದೆ. ವಿವರ ಕಳೆಯದೆ ಉಳಿಸುವ ಟಿಫ್ (TIFF) ಫೈಲ್ ರೂಪದಲ್ಲಿ ಉಳಿಸಿ. 8×10 ಇಂಚಿನ ಗ್ರೂಪ್ ಫೋಟೋ 600ರಲ್ಲಿ 4800×6000 ಪಿಕ್ಸೆಲ್, ಸುಮಾರು 86 ಎಂಬಿ. ನಿಮ್ಮ 140 ಬಿಡಿ ಫೋಟೋ ಪೋಸ್ಟ್‌ಕಾರ್ಡಿನ ಆಸುಪಾಸಿನವಾದರೆ ಮುಂಬದಿ, ಹಿಂಬದಿ ಎರಡೂ ಸೇರಿ 5-6 ಜಿಬಿ ಆದೀತು. ಹೌದು, ಖಾಲಿ ಕಂಡರೂ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.

ಸುರುಳಿಯಾದ ಫೋಟೋವನ್ನು ಸ್ಕ್ಯಾನರಿನ ಮುಚ್ಚಳದಿಂದ ಒತ್ತಿದರೆ ಪದರ ಬಿರುಕು ಬಿಡುತ್ತದೆ. ಅಂಥದ್ದಕ್ಕೂ, ಗಾಜಿಗೆ ಅಂಟಿದ್ದಕ್ಕೂ ಕ್ಯಾಮೆರಾ ಅಥವಾ ಒಳ್ಳೆಯ ಫೋನು ಬಳಸಿ. ಬಿಸಿಲು ನೇರ ಬೀಳದ ಜಗಲಿಯಲ್ಲಿ ಫೋಟೋ ಮಲಗಿಸಿ, ತುಸು ದೂರದಿಂದ 2 ಪಟ್ಟು ಲೆನ್ಸಿನಲ್ಲಿ ತೆಗೆಯಿರಿ; ತೀರ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ. ಗಾಜಿನ ಮೇಲೆ ನಿಮ್ಮದೇ ಪ್ರತಿಬಿಂಬ ಬೀಳದಂತೆ ದೊಡ್ಡ ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಅದರ ಹಿಂದಿನಿಂದ ತೆಗೆದರೆ ಆಯಿತು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಎಂದೇ ಕಳಿಸಿ. ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ, ಹಿಂದಿನ ಸಾಲಿನ ಹುಡುಗರ ಮುಖ ಅಲ್ಲಿಗೆ ಹೋಯಿತು.

ಸ್ಕ್ಯಾನ್ ಆದ ಮೂಲಗಳನ್ನು ಕಾಗದದ ಲಕೋಟೆಯಲ್ಲಿಡಿ. ನಮ್ಮ ಹವೆಗೆ ಪ್ಲಾಸ್ಟಿಕ್ ಕವರು ತೇವ ಹಿಡಿದಿಡುತ್ತದೆ. ಲಕೋಟೆಯ ಮೇಲೆ ಬರೆದು ಮುಗಿಸಿ ಆಮೇಲೆ ಫೋಟೋ ಒಳಗೆ ಹಾಕಿ. ಫೋಟೋದ ಹಿಂದೆ ಸಂಖ್ಯೆ ಹಾಕುವುದಾದರೆ 2ಬಿ ಪೆನ್ಸಿಲ್ಲು, ಬಾಲ್‌ಪೆನ್ ಬೇಡವೇ ಬೇಡ. ಗಟ್ಟಿ ಮುಚ್ಚಳದ 20 ಲೀಟರಿನ ಡಬ್ಬಿಗೆ ಕಾಲು ಕಿಲೊ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಹಾಕಿ, ಒಂದು ಸಣ್ಣ ತೇವಾಂಶ ಮಾಪಕವನ್ನೂ ಇಡಿ. ಶೇ. 30ರಿಂದ 50ರ ನಡುವೆ ಇರಬೇಕು. ಅದಕ್ಕೂ ಕೆಳಗಿಳಿದರೆ ಜೆಲಟಿನ್ ಬಿರುಸಾಗಿ ಸುರುಳಿ ಸುತ್ತುತ್ತದೆ, ಆಗ ಸ್ವಲ್ಪ ಜೆಲ್ ಹೊರತೆಗೆಯಿರಿ. ನುಸಿಗುಳಿಗೆ, ಕರ್ಪೂರ ಹಾಕಬೇಡಿ, ಅವುಗಳ ಆವಿ ಫೋಟೋ ಮೇಲೆಯೇ ಹರಳುಗಟ್ಟುತ್ತದೆ. ಹಸಿ ಬೇವಿನ ಎಲೆ ತೇವವನ್ನೇ ಒಳಗೆ ತರುತ್ತದೆ. ಡಬ್ಬಿ ನೆಲಕ್ಕೂ ಹೊರಗೋಡೆಗೂ ತಾಗದಿರಲಿ, ಒರಲೆ ಬರುವುದೇ ಆ ದಾರಿಯಲ್ಲಿ.

ನೆನಪು ಕೇಳುವಾಗ

ಹಿರಿಯರ ಹತ್ತಿರ ಹೋದಾಗ ಫೋಟೋವನ್ನು ಮೊದಲೇ ತೋರಿಸಬೇಡಿ. ತೋರಿಸಿದ ಕೂಡಲೇ ಅವರ ನೆನಪು ಫೋಟೋವನ್ನು ಹಿಂಬಾಲಿಸುತ್ತದೆ. “ಗೇಟಿನಿಂದ ಒಳಗೆ ಬಂದರೆ ಮೊದಲು ಏನು ಸಿಗುತ್ತಿತ್ತು? ಅಲ್ಲಿಂದ ನಿಮ್ಮ ಕ್ಲಾಸಿಗೆ ಹೇಗೆ ಹೋಗುತ್ತಿದ್ದಿರಿ? ಗಂಟೆ ಎಲ್ಲಿ ತೂಗಿತ್ತು? ಮಳೆ ಬಂದರೆ ಕೊಡೆ ಎಲ್ಲಿಡುತ್ತಿದ್ದಿರಿ?” ಹೀಗೆ ನಡೆಸಿಕೊಂಡು ಹೋಗಿ, ಒಂದು ಖಾಲಿ ಹಾಳೆಯಲ್ಲಿ ಅವರ ಕೈಯಿಂದಲೇ ಗೆರೆ ಹಾಕಿಸಿ. ವರ್ಷ ಕೇಳಿದರೆ ತಡಕಾಡುತ್ತಾರೆ. “ತುರ್ತು ಪರಿಸ್ಥಿತಿಗೆ ಮೊದಲೋ ಆಮೇಲೋ? ತಂಗಿ ಆಗ ಶಾಲೆಗೆ ಸೇರಿದ್ದಳೇ?” ಎಂದರೆ ಸಿಕ್ಕುತ್ತದೆ. ಒಬ್ಬೊಬ್ಬರನ್ನೇ ಕೇಳಿ, ನಾಲ್ಕು ಜನ ಒಟ್ಟಿಗೆ ಕೂತರೆ ಗಟ್ಟಿ ದನಿಯವರ ನೆನಪೇ ಎಲ್ಲರದ್ದಾಗುತ್ತದೆ. ಅನುಮತಿ ಕೇಳಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ.

ಇಷ್ಟಾದ ಮೇಲೆ ಫೋಟೋ ತೋರಿಸಿ. ಗ್ರೂಪ್ ಫೋಟೋದ ಎ3 ಪ್ರಿಂಟ್ ಹಾಕಿಸಿ. ಒಂದೊಂದು ಮುಖ ಕನಿಷ್ಠ 1 ಸೆಂಟಿಮೀಟರ್ ಬರಬೇಕು. ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ತಲೆಗಳ ಗೆರೆ ಎಳೆದು ನಂಬರು ಹಾಕಿ, ಹೆಸರುಗಳನ್ನು ನಂಬರಿನ ಎದುರು ಬರೆದುಕೊಳ್ಳಿ. ಒಂದೇ ಮುಖಕ್ಕೆ ಇಬ್ಬರು ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ, ಹೇಳಿದವರು ಯಾವ ವರ್ಷದ ವಿದ್ಯಾರ್ಥಿ ಎಂಬುದರ ಸಮೇತ. ಪುಸ್ತಕದಲ್ಲಿಯೂ ಪ್ರತಿ ಚಿತ್ರದ ಕೆಳಗೆ ಮೂರನ್ನು ಬೇರೆ ಬೇರೆಯಾಗಿ ಕೊಡಿ: ಚಿತ್ರದಲ್ಲಿ ಕಾಣುವುದು, ಹಿಂಬದಿಯಲ್ಲಿ ಬರೆದಿರುವುದು, ನೆನಪಿನಿಂದ ಬಂದದ್ದು. ಬಾವಿಯ ಬಗ್ಗೆ ಫೋಟೋ ತೀರ್ಪು ಕೊಟ್ಟ ಮೇಲೂ ‘ಆಚೆ ಬದಿಯಲ್ಲಿತ್ತು’ ಎಂದವರ ಮಾತನ್ನು ತೆಗೆದುಹಾಕಬೇಡಿ. ಅವರು ಹೇಳುತ್ತಿರುವುದು ಮುಚ್ಚಿಹೋದ ಇನ್ನೊಂದು ಬಾವಿಯ ಬಗ್ಗೆಯೂ ಇರಬಹುದು.

ಹಕ್ಕಿನ ಪ್ರಶ್ನೆ ನೀವು ಕೇಳಿಲ್ಲ, ಆದರೆ ಅಚ್ಚಿಗೆ ಹೋಗುವಾಗ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರು. ಶಾಲೆ ದುಡ್ಡು ಕೊಟ್ಟು ತೆಗೆಸಿದ ಗ್ರೂಪ್ ಫೋಟೋಗೆ ಶಾಲೆಯ ಆಡಳಿತದಿಂದ ಒಂದು ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಯಾರೋ ತಮ್ಮ ಕ್ಯಾಮೆರಾದಲ್ಲಿ ತೆಗೆದ ಚಿತ್ರವಾದರೆ ಅವರನ್ನೋ ಮನೆಯವರನ್ನೋ ಕೇಳಿ.

ಪ್ರದರ್ಶನದ ದಿನ ಗೋಡೆಗೆ ಪ್ರತಿಗಳನ್ನಷ್ಟೇ ಹಾಕಿ, ಮೂಲಗಳು ಡಬ್ಬಿಯಲ್ಲೇ ಇರಲಿ. ಪ್ರತಿ ಚಿತ್ರದ ಕೆಳಗೆ ದಾರದಲ್ಲಿ ಒಂದು ಪೆನ್ಸಿಲ್, ಒಂದು ಕಟ್ಟು ಚೀಟಿ ತೂಗಿಸಿ: ಚಿತ್ರದ ಸಂಖ್ಯೆ, ನಿಮಗೆ ಕಂಡದ್ದು, ನೀವು ಓದಿದ ವರ್ಷ, ನಿಮ್ಮ ಹೆಸರು. ಸಂಜೆಯ ಹೊತ್ತಿಗೆ ಅತಿ ಹೆಚ್ಚು ಚೀಟಿ ಬಿದ್ದ ಚಿತ್ರ ಯಾವುದೋ, ಪುಸ್ತಕದಲ್ಲಿ ಅದಕ್ಕೆ ಪೂರ್ತಿ ಎರಡು ಪುಟ ಕೊಡಿ.